ನೀವು, ಮಗ, ಮಂಗಳೂರಿನಲ್ಲಿ ಎರಡು ರಾತ್ರಿ: ಜತೆಗೆ ಇನ್ನೊಬ್ಬ ದೊಡ್ಡವರಿಲ್ಲದಾಗ ಪ್ರವಾಸ ಜೋಡಿಸುವ ಕ್ರಮ

ಹತ್ತು-ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಒಬ್ಬರೇ ಮಂಗಳೂರಿಗೆ ಹೋದ ಗೆಳತಿಯರು ವಾಪಸ್ ಬಂದು ಹೇಳುವ ಕತೆ ಹೆಚ್ಚುಕಡಿಮೆ ಒಂದೇ. "ಊರೇನೋ ಚೆನ್ನಾಗಿತ್ತು ಕಣೇ, ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಮುಖ ಊದಿಸ್ಕೊಂಡು ರೂಮಲ್ಲಿ ಕೂತಿದ್ವಿ." ಆರು ವರ್ಷ ಆ ಊರಲ್ಲಿ ಕೆಲಸ ಮಾಡಿದವಳು ಅಂತ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಅವರು ಮಾಡಿಕೊಂಡಿದ್ದ ಪಟ್ಟಿ ನೋಡಿದರೆ ತಪ್ಪು ಎಲ್ಲಿದೆ ಅನ್ನುವುದು ಗೊತ್ತಾಗುತ್ತದೆ: ಅದು ಗಂಡ-ಹೆಂಡತಿ-ಮಗು ಹೋಗುವ ಪಟ್ಟಿ. ಒಬ್ಬರು ಸಾಲಲ್ಲಿ ನಿಂತರೆ ಇನ್ನೊಬ್ಬರು ಮಗು ನೋಡಿಕೊಳ್ಳುತ್ತಾರೆ, ಒಬ್ಬರು ನೀರಿಗಿಳಿದರೆ ಇನ್ನೊಬ್ಬರು ಚೀಲ ಕಾಯುತ್ತಾರೆ ಅನ್ನುವ ಲೆಕ್ಕದಲ್ಲಿ ಬರೆದದ್ದು. ನಮ್ಮ ಲೆಕ್ಕದಲ್ಲಿ ಆ ಇನ್ನೊಬ್ಬರು ಇಲ್ಲ. ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಹೊತ್ತಲ್ಲಿ ಚೀಲ ಯಾರ ಕೈಲಿ, ಮಗ ಯಾರ ಕಣ್ಣಲ್ಲಿ?

ನಾನು ಇಬ್ಬರ ಎರಡು ರಾತ್ರಿ, ಮೂರು ಹಗಲಿನ ಲೆಕ್ಕ ಹಾಕಿದ್ದೇನೆ. ಹೊರಡುವುದು ಬೆಂಗಳೂರಿನಿಂದ ಅಂತಿಟ್ಟುಕೊಳ್ಳಿ.

ಹಂತ 1: ದಿನ ಗೊತ್ತುಮಾಡುವುದು

ಟಿಕೆಟ್ಟಿಗೆ ಮೊದಲು ಕ್ಯಾಲೆಂಡರ್ ತೆಗೆಯಿರಿ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್-ಮೇ ರಜೆಯಲ್ಲೇ ಹೋಗಬೇಕಾದರೆ ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ತಿರುಗುವ ಆಸೆ ಬಿಡಿ. ಅಲ್ಲಿಯದು ಬಿಸಿಲಿಗಿಂತ ಸೆಖೆ. ಬಟ್ಟೆ ಮೈಗೆ ಅಂಟಿಕೊಂಡ ಹತ್ತು ನಿಮಿಷಕ್ಕೆ ಹುಡುಗರ ಸಿಟ್ಟು ನೆತ್ತಿಗೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಸಮುದ್ರ ಇಲ್ಲ ಅಂದುಕೊಂಡೇ ಹೊರಡಿ. ಆಗ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೋ ರೈಲೋ ನಿಲ್ಲುವುದೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಾಜಾ ಮೀನಿನ ಆಸೆಯೂ ಕಮ್ಮಿ ಇರಲಿ.

ವಾರದ ದಿನದಲ್ಲಿ ಒಂದು ಗುಂಡಿ ಇದೆ. ಮೃಗಾಲಯ, ತಾರಾಲಯ ಇರುವ ಪಿಲಿಕುಳಕ್ಕೆ ಸೋಮವಾರ ರಜೆ. ಶನಿವಾರ-ಭಾನುವಾರದ ಜನಜಂಗುಳಿ ತಪ್ಪಿಸುತ್ತೇವೆ ಅಂತ ಸೋಮವಾರ ಇಟ್ಟುಕೊಂಡು ಗೇಟಿನಿಂದ ವಾಪಸ್ ಬಂದವರು ನನಗೆ ಗೊತ್ತಿರುವವರಲ್ಲೇ ಮೂವರಿದ್ದಾರೆ.

ಇನ್ನೊಂದು ಮಾತನ್ನು ಯಾವ ಪ್ರವಾಸದ ಬರಹದಲ್ಲೂ ಕಾಣೆ. ವಿಚ್ಛೇದನವಾಗಿದ್ದು, ಮಗನನ್ನು ತಂದೆ ನೋಡುವ ದಿನಗಳನ್ನು ಕೋರ್ಟು ಗೊತ್ತುಮಾಡಿದ್ದರೆ, ಆ ಆದೇಶವನ್ನು ಒಮ್ಮೆ ತೆಗೆದು ಓದಿ. ನಿಮ್ಮ ಪ್ರವಾಸ ಆ ದಿನದ ಮೇಲೆ ಬೀಳುವುದಾದರೆ ದಿನ ಬದಲಿಸಿ. ಇಲ್ಲವೇ ಮೊದಲೇ ಬರಹದಲ್ಲಿ ತಿಳಿಸಿ, ಒಪ್ಪಿಗೆಯನ್ನೂ ಬರಹದಲ್ಲೇ ಪಡೆದುಕೊಳ್ಳಿ. ವಾಟ್ಸಾಪ್ ಮೆಸೇಜನ್ನು ಅಳಿಸಬೇಡಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಹಂತ 2: ಟಿಕೆಟ್

ಮಗನ ವಯಸ್ಸಿನಲ್ಲೇ ರೈಲಿನ ಲೆಕ್ಕ ಬದಲಾಗುತ್ತದೆ. ಐದು ತುಂಬಿ ಹನ್ನೆರಡು ತುಂಬದ ಮಗುವಿಗೆ ಬರ್ತ್ ಬೇಡ ಅಂದರೆ ಅರ್ಧ ದರ, ಬರ್ತ್ ಬೇಕು ಅಂದರೆ ಪೂರ್ತಿ ದರ. ಅರ್ಧ ಟಿಕೆಟ್ ಉಳಿತಾಯ ಅಂತ ಹನ್ನೊಂದು ವರ್ಷದವನನ್ನು ನಿಮ್ಮ ಬರ್ತಿನಲ್ಲೇ ಮಲಗಿಸಿಕೊಂಡರೆ ಬೆಳಗಿನವರೆಗೆ ಅವನ ಮೊಣಕಾಲು ನಿಮ್ಮ ಪಕ್ಕೆಲುಬಿನಲ್ಲಿ. ಪೂರ್ತಿ ದರವೇ ಕೊಟ್ಟುಬಿಡಿ. ಈಗ ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಇಬ್ಬರದೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಮಹಿಳಾ ಕೋಟಾದಲ್ಲಿ ಹನ್ನೆರಡರೊಳಗಿನ ಗಂಡುಮಗನನ್ನು ಜತೆಗೆ ಸೇರಿಸಬಹುದು ಅನ್ನುವುದು ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಈಗ ನಿಲ್ದಾಣ. ಮಂಗಳೂರಿನಲ್ಲಿ ಎರಡಿವೆ: ಊರ ನಡುವೆ ಹಂಪನಕಟ್ಟೆಯ ಹತ್ತಿರ ಸೆಂಟ್ರಲ್, ಊರ ಹೊರಗೆ ಪಡೀಲ್ ಕಡೆ ಜಂಕ್ಷನ್. ಕೆಲವು ರೈಲು ಜಂಕ್ಷನ್‌ಗಷ್ಟೇ ಬರುತ್ತವೆ. ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಎರಡಕ್ಕೂ ಬರದೆ ಪಡೀಲ್ ಬೈಪಾಸಿನಲ್ಲಿ ಸುರತ್ಕಲ್ ಕಡೆಗೆ ಹೋಗಿಬಿಡುತ್ತದೆ. ಟಿಕೆಟ್ಟಿನಲ್ಲಿ ಯಾವ ಹೆಸರಿದೆ ಅಂತ ನೋಡಿಕೊಂಡು ಆಮೇಲೆ ಕೋಣೆ ಹುಡುಕಿ. ಈ ಎರಡು ಕೆಲಸ ತಿರುಗುಮುರುಗಾದರೆ ಬೆಳಗಿನ ಆರು ಗಂಟೆಗೆ ಆಟೊದವರ ಹತ್ತಿರ ಚೌಕಾಸಿ ಮಾಡಬೇಕಾದೀತು.

ಹಗಲು ರೈಲು ಓಡುವ ದಿನ ಸಿಕ್ಕರೆ ಹೋಗುವಾಗ ಅದನ್ನೇ ಹಿಡಿಯಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಘಾಟಿಯಲ್ಲಿ 57 ಸುರಂಗಗಳಿವೆ. ಎಣಿಸುವ ಕೆಲಸ ಮಗನಿಗೆ ಕೊಡಿ. ನನ್ನವನಿಗೆ 54 ಬಂತು. ಉಳಿದ ಮೂರು ಎಲ್ಲಿ ಹೋದವು ಅಂತ ಬಂಟ್ವಾಳದವರೆಗೂ ವಾದ ಮಾಡಿದ. ಅಷ್ಟು ಹೊತ್ತು ಮೊಬೈಲ್ ಕೇಳಲಿಲ್ಲ.

ಬಸ್ಸಾದರೆ ಸ್ಲೀಪರ್‌ನಲ್ಲಿ ಕೆಳಗಿನ ಡಬಲ್ ಬರ್ತನ್ನು ಒಂದೇ ಟಿಕೆಟ್ಟಿನಲ್ಲಿ ತೆಗೆಯಿರಿ. ಎರಡು ಸಿಂಗಲ್ ತೆಗೆದರೆ ರಾತ್ರಿ ಹುಡುಗ ಎದ್ದದ್ದೂ ಗೊತ್ತಾಗುವುದಿಲ್ಲ, ಇಳಿದದ್ದೂ ಗೊತ್ತಾಗುವುದಿಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸ್ಲೀಪರ್, ರಾಜಹಂಸ, ಐರಾವತಗಳಿಗಿಲ್ಲ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಮಗೆ ಉಚಿತವಾದರೂ ಮಗನಿಗೆ ಟಿಕೆಟ್ ತೆಗೆಯಲೇಬೇಕು. ಘಾಟಿಯಲ್ಲಿ ವಾಂತಿ ಮಾಡುವ ಮಗುವಾದರೆ ರಾತ್ರಿ ಊಟ ಹಗುರ ಇರಲಿ, ದಪ್ಪನೆಯ ಕವರ್ ಎರಡು ಕೈಗೆಟುಕುವಲ್ಲಿರಲಿ.

ಹಂತ 3: ಕೋಣೆ

ಹಂಪನಕಟ್ಟೆ, ಕೊಡಿಯಾಲ್‌ಬೈಲ್, ಬಲ್ಮಠ, ಬಿಜೈ, ಈ ನಾಲ್ಕರ ಒಳಗೆ ಹುಡುಕಿ. ಸಮುದ್ರದ ಪಕ್ಕದ ರೆಸಾರ್ಟ್ ಚಿತ್ರದಲ್ಲಿ ಚಂದ. ಆದರೆ ರಾತ್ರಿ ಒಂಬತ್ತಕ್ಕೆ ಮಗನಿಗೆ ಜ್ವರ ಬಂದರೆ ಮೆಡಿಕಲ್ ಶಾಪಿಗೆ ಹೋಗಿ ಬರುವವರು ಯಾರು? ಕೆಳಗಿಳಿದರೆ ಔಷಧದ ಅಂಗಡಿ, ಎದುರಿಗೆ ಹೋಟೆಲು ಇರುವ ಜಾಗವೇ ನಮಗೆ ಸರಿ.

ಬುಕ್ ಮಾಡುವ ಮೊದಲು ಫೋನ್ ಮಾಡಿ, ಆ್ಯಪ್ ಒಂದನ್ನೇ ನಂಬಬೇಡಿ. ಕೇಳಬೇಕಾದ್ದು ಇಷ್ಟು:

1. "ನಾನು, ಮಗ, ಇಬ್ಬರೇ ಬರೋದು. ತೊಂದರೆ ಇಲ್ವಲ್ಲ?" ಆಚೆಯವರು ಒಂದು ಕ್ಷಣ ತಡವರಿಸಿದರೆ, "ಸರ್ ಯಾವಾಗ ಬರ್ತಾರೆ ಮೇಡಂ?" ಅಂದರೆ, ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಆ ಪ್ರಶ್ನೆ ಕೌಂಟರಿನಲ್ಲಿ ಮಗನ ಎದುರಿಗೇ ಬರುವುದಕ್ಕಿಂತ ಈಗ ಬಂದದ್ದು ಒಳ್ಳೆಯದು.
2. ಚೆಕ್‌ಔಟ್ ಮಧ್ಯಾಹ್ನ ಹನ್ನೆರಡಕ್ಕೋ, 24 ಗಂಟೆ ಲೆಕ್ಕವೋ? ರಾತ್ರಿ ರೈಲಿನಲ್ಲಿ ಬಂದು ಬೆಳಿಗ್ಗೆ ಇಳಿಯುವವರಿಗೆ 24 ಗಂಟೆ ಲೆಕ್ಕದ ಲಾಡ್ಜೇ ಲಾಭ.
3. ಕೋಣೆ ಯಾವ ಮಹಡಿ? ನೆಲ ಅಂತಸ್ತು ಬೇಡ. ಲಿಫ್ಟಿನ ಹತ್ತಿರದ್ದು ಕೇಳಿ.
4. ಕೆಳಗೆ ಬಾರ್ ಇದೆಯೇ? ಮಂಗಳೂರಿನಲ್ಲಿ ಇದನ್ನು ಮರೆಯದೆ ಕೇಳಿ.

ಕೋಣೆಗೆ ಹೋದ ಕೂಡಲೇ ಒಳಗಿನ ಚಿಲಕ, ಕಿಟಕಿಯ ಕೊಂಡಿ, ಬಾತ್‌ರೂಮಿನ ಬಾಗಿಲು ಹಾಕಿ ತೆಗೆದು ನೋಡಿ. ಇಬ್ಬರ ಆಧಾರ್ ಕಾರ್ಡ್ ಇರಲಿ. ಮಗನದು ಮನೆಯಲ್ಲಿ ಉಳಿದರೆ ಕೌಂಟರಿನಲ್ಲಿ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ.

ಹಂತ 4: ಚೀಲ

ಒಬ್ಬರಿಗೊಂದು ಬೆನ್ನುಚೀಲ. ಉರುಳುಚಕ್ರದ ಸೂಟ್‌ಕೇಸ್ ಬೇಡ, ಮಂಗಳೂರಿನ ಏರು-ಇಳಿಜಾರು ಅದಕ್ಕಲ್ಲ. ನಿಮ್ಮ ಎರಡೂ ಕೈ ಖಾಲಿ ಇರಬೇಕು. ಸೊಳ್ಳೆಗೆ ಹಚ್ಚುವ ಕ್ರೀಮ್, ಓಆರ್‌ಎಸ್ ಪೊಟ್ಟಣ, ತೆಳು ಟವೆಲ್, ಒದ್ದೆ ಬಟ್ಟೆಗೆ ಕವರ್, ಮೊಬೈಲ್ ಹಾಕಿ ಕುತ್ತಿಗೆಗೆ ನೇತುಹಾಕುವ ವಾಟರ್‌ಪ್ರೂಫ್ ಪೌಚ್. ಈ ಕೊನೆಯದು ಯಾಕೆ ಅನ್ನುವುದು ಸಮುದ್ರದ ಹಂತದಲ್ಲಿದೆ.

ಹಂತ 5: ಮಗನ ಜತೆ ಕರಾರು

ಈ ವಯಸ್ಸಿನವರು ಮಕ್ಕಳೂ ಅಲ್ಲ, ದೊಡ್ಡವರೂ ಅಲ್ಲ. ಕೈ ಹಿಡಿದರೆ ನಾಚಿಕೆ, ಬಿಟ್ಟರೆ ಮಾಯ. ಹೊರಡುವ ಮುಂಚಿನ ರಾತ್ರಿ ಕೂತು ಮೂರು ವಿಷಯ ಮಾತಾಡಿ ಮುಗಿಸಿ.

ಮೊದಲನೆಯದು, ಅವನ ಕೆಲಸ. ಲೆಕ್ಕದ ಪುಸ್ತಕ ಅವನ ಕೈಗೆ ಕೊಡಿ. ದಿನಕ್ಕಿಷ್ಟು ಅಂತ ನಗದು ಅವನ ಹತ್ತಿರ; ಬಸ್ಸು, ತಿಂಡಿ, ಎಳನೀರು ಎಲ್ಲ ಅವನೇ ಕೊಟ್ಟು ಬರೆದಿಡಬೇಕು. ಸಂಜೆ ಉಳಿದ ದುಡ್ಡು ಅವನಿಗೇ. ನನ್ನ ಮಗ ಎರಡನೇ ದಿನ "ಅಮ್ಮ, ಆಟೊ ಯಾಕೆ, ಬಸ್ಸಿಗೆ ಹೋಗೋಣ" ಅಂದದ್ದು ಊರಿನ ಮೇಲಿನ ಪ್ರೀತಿಯಿಂದಲ್ಲ.

ಎರಡನೆಯದು, ತಪ್ಪಿಸಿಕೊಂಡರೆ ಏನು ಮಾಡಬೇಕು. ಅವನು ಹುಡುಕಿಕೊಂಡು ಓಡಾಡಬಾರದು, ಇದ್ದಲ್ಲೇ ನಿಲ್ಲಬೇಕು; ನೀವೇ ಅವನ ಬಳಿ ಬರುತ್ತೀರಿ. ನಿಮ್ಮ ನಂಬರು ಅವನಿಗೆ ಬಾಯಿಪಾಠ ಇರಲಿ, ಜತೆಗೆ ಚೀಟಿಯಲ್ಲೂ ಇರಲಿ. ಸಹಾಯಕ್ಕೆ ಯೂನಿಫಾರ್ಮ್ ಹಾಕಿದವರನ್ನೋ ಮಕ್ಕಳ ಜತೆ ಇರುವ ಹೆಂಗಸರನ್ನೋ ಕೇಳಬೇಕು. 112 ತುರ್ತು ಸಹಾಯಕ್ಕೆ, 1098 ಮಕ್ಕಳ ಸಹಾಯವಾಣಿ, ರೈಲಿನಲ್ಲಿ 139. ಮೂರನ್ನೂ ಅವನ ಕೈಯಿಂದಲೇ ಬರೆಸಿ.

ಮೂರನೆಯದು ಮೊಬೈಲ್. ಎಷ್ಟು ಹೊತ್ತು ಅನ್ನುವುದಕ್ಕಿಂತ ಯಾವಾಗ ಅನ್ನುವುದನ್ನು ಗೊತ್ತುಮಾಡಿ. ಮಧ್ಯಾಹ್ನ ಕೋಣೆಯಲ್ಲಿ ಅವನಿಗೆ ಮೊಬೈಲ್, ನಿಮಗೆ ನಿದ್ದೆ. ಆ ಒಂದು ಗಂಟೆ ನಿಮಗೂ ಬೇಕು, ಅದಕ್ಕೆ ಬೇಜಾರು ಪಟ್ಟುಕೊಳ್ಳಬೇಡಿ.

ಹಂತ 6: ಸಿಟಿ ಬಸ್ಸು ಹತ್ತುವುದು

ಇದನ್ನೇ ಒಂದು ಹಂತ ಮಾಡಿದ್ದಕ್ಕೆ ನಗಬೇಡಿ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಅವುಗಳಲ್ಲಿ ಶಕ್ತಿ ಟಿಕೆಟ್ ನಡೆಯುವುದಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ನಗುತ್ತಾರೆ ಅಷ್ಟೆ. ಹೆಚ್ಚಿನ ಬಸ್ಸು ಹೊರಡುವುದು ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ. ಅಲ್ಲಿ "ಸ್ಟೇಟ್ ಬ್ಯಾಂಕ್" ಅಂದರೆ ಬ್ಯಾಂಕಲ್ಲ, ಬಸ್ ಸ್ಟ್ಯಾಂಡ್. ಕೆಎಸ್‌ಆರ್‌ಟಿಸಿ ನಿಲ್ದಾಣ ಬೇರೆ, ಅದು ಬಿಜೈಯಲ್ಲಿ.

ಬಸ್ಸಿಗೆ ಎರಡು ಬಾಗಿಲು, ಹೆಂಗಸರ ಸೀಟು ಮುಂದೆ. ನಾನು ಎಡವಿದ್ದು ಇಲ್ಲೇ. ಕಂಕನಾಡಿ ಕಡೆಯ ಬಸ್ಸಿಗೆ ನಾನು ಮುಂದಿನ ಬಾಗಿಲಿಂದ ಹತ್ತಿದೆ, ಹತ್ತು ವರ್ಷದ ಮಗ ಗಂಡಸರ ಹಿಂದೆ ಹಿಂಬಾಗಿಲಿಗೆ ಹೋದ. ಅವನ ನೀರಿನ ಬಾಟ್ಲಿ ಬಿತ್ತು, ಎತ್ತಿಕೊಳ್ಳಲು ಬಗ್ಗಿದ. ಅಷ್ಟರಲ್ಲಿ ಸೀಟಿ, "ರೈಟ್ ಪೋಯಿ!" ನಾನು ಹಿಂದೆ ಅವನ ನೀಲಿ ಟೋಪಿ ಹುಡುಕುತ್ತಾ ನಿಂತಿದ್ದೆ; ಬಸ್ಸು ಹಂಪನಕಟ್ಟೆಯ ಏರು ಹತ್ತಿತ್ತು. ಇಳಿದು ಓಡಿದೆ. ಅರ್ಧ ದಾರಿಯಲ್ಲಿ ಇನ್ನೊಂದು ಬಸ್ಸಿನ ಮೆಟ್ಟಿಲ ಮೇಲೆ ಕಂಡಕ್ಟರ್ ಇವನ ಭುಜ ಹಿಡಿದು ನಿಂತಿದ್ದರು. "ಅಕ್ಕ, ನಿಮ್ಮ ಬಾಟ್ಲಿ," ಅಂತ ಹುಡುಗನನ್ನು ಇಳಿಸಿಕೊಟ್ಟರು. ಎಂಟು ನಿಮಿಷ ಅಂತ ಮಗ ಲೆಕ್ಕದ ಪುಸ್ತಕದಲ್ಲಿ ಬರೆದಿದ್ದಾನೆ.

ಆವತ್ತಿನಿಂದ ನಮ್ಮ ಕ್ರಮ ಇದು:

1. ಒಂದೇ ಬಾಗಿಲು. ಮಗ ಮೊದಲು, ನಾನು ಅವನ ಬೆನ್ನಿಗೆ. ಇಳಿಯುವಾಗ ತಿರುಗುಮುರುಗು, ನಾನು ಮೊದಲು.
2. ಹತ್ತುವ ಮೊದಲೇ ಇಳಿಯುವ ಸ್ಟಾಪಿನ ಹೆಸರು ಅವನಿಗೂ ಗೊತ್ತಿರಬೇಕು.
3. ನೂಕುನುಗ್ಗಲಿದ್ದರೆ ಮುಂದಿನ ಬಸ್ಸು. ಅಲ್ಲಿ ಮುಂದಿನ ಬಸ್ಸಿಗೆ ಹೆಚ್ಚು ಕಾಯಬೇಕಾಗಿಲ್ಲ.

"ದುಂಬು ಪೋಲೆ" ಅಂದರೆ ಮುಂದೆ ಹೋಗಿ ಅಂತ. ತುಳು ಬಾರದಿದ್ದರೂ ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಉತ್ತರ ಬರುತ್ತದೆ. ಕತ್ತಲಾದ ಮೇಲೆ ಬಸ್ಸು ಬಿಟ್ಟು ಆಟೊ ಹಿಡಿಯಿರಿ. ಮೀಟರ್ ಹಾಕಿಸಿ, ತಡರಾತ್ರಿಗೆ ದರ ಹೆಚ್ಚಿರುತ್ತದೆ.

ಹಂತ 7: ಅರ್ಧ ದಿನಕ್ಕೆ ಒಂದೇ ಜಾಗ

ಕಟೀಲು, ಉಡುಪಿ, ಮಲ್ಪೆ, ಧರ್ಮಸ್ಥಳ, ಹೇಗೂ ಬಂದಿದ್ದೇವಲ್ಲ ಅಂತ ಎಲ್ಲ ಸೇರಿಸುವುದು ಅತಿ ದೊಡ್ಡ ತಪ್ಪು. ಉಡುಪಿಗೆ ಹೋಗಿ ಬರುವುದಕ್ಕೇ ನೂರಹತ್ತು ಕಿಲೋಮೀಟರ್ ದಾಟುತ್ತದೆ. ಅದು ಇನ್ನೊಂದು ರಜೆಗಿರಲಿ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಕೋಣೆ, ಸಂಜೆ ಒಂದು ಜಾಗ.

ರಾತ್ರಿ ಪ್ರಯಾಣ ಮಾಡಿ ಬಂದಿದ್ದರೆ ತಲುಪಿದ ದಿನ ಬೆಳಿಗ್ಗೆ ಎಲ್ಲೂ ಬೇಡ. ಸ್ನಾನ, ತಿಂಡಿ, ನಿದ್ದೆ. ಸಂಜೆ ಕದ್ರಿ: ಮಂಜುನಾಥ ದೇವಸ್ಥಾನದ ಹಿಂದೆ ಮೆಟ್ಟಿಲು ಹತ್ತಿದರೆ ಗೋಮುಖದ ನೀರು, ಕೆರೆಗಳು, ಇನ್ನೂ ಮೇಲೆ ಪಾಂಡವರ ಗುಹೆ. ಪಾಚಿ ಇರುವ ಮೆಟ್ಟಿಲಲ್ಲಿ ಓಡಲು ಬಿಡಬೇಡಿ.

ಎರಡನೇ ದಿನ ಬೆಳಿಗ್ಗೆ ಪಿಲಿಕುಳ. ಇದಕ್ಕೆ ಕ್ರಮ ಮುಖ್ಯ. ಊರಿನಿಂದ ಹತ್ತು-ಹನ್ನೆರಡು ಕಿಲೋಮೀಟರ್, ವಾಮಂಜೂರಿನ ಆಚೆ. ಜಾಗ ಮುನ್ನೂರು ಎಕರೆಗೂ ಹೆಚ್ಚು; ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ, ಗುತ್ತಿನ ಮನೆ (ತುಳುನಾಡಿನ ಹಳೆಯ ದೊಡ್ಡಮನೆ), ಕೆರೆ ಒಂದಕ್ಕೊಂದು ದೂರ ದೂರ, ಟಿಕೆಟ್ಟೂ ಬೇರೆ ಬೇರೆ.

1. ಮೊದಲು ಸ್ವಾಮಿ ವಿವೇಕಾನಂದ ತಾರಾಲಯದ ಕನ್ನಡ ಪ್ರದರ್ಶನ ಎಷ್ಟು ಗಂಟೆಗೆ ಅಂತ ಕೇಳಿ. ಉಳಿದ ಜಾಗಗಳಿಗೆ ನೀವು ಹೋದದ್ದೇ ಹೊತ್ತು, ಇದಕ್ಕೆ ಗೊತ್ತಾದ ಹೊತ್ತಿದೆ. 3ಡಿ ಕನ್ನಡಕ ಹಾಕಿಕೊಂಡು ನೋಡುವುದು. ತಲೆ ತಿರುಗುವ ಮಕ್ಕಳಿಗೆ ಮೊದಲೇ ಹೇಳಿ.
2. ಆಮೇಲೆ ತಡಮಾಡದೆ ಮೃಗಾಲಯ. ಬಿಸಿಲೇರಿದ ಮೇಲೆ ಹುಲಿ ನೆರಳಲ್ಲಿ ಬೆನ್ನು ತೋರಿಸಿ ಮಲಗುತ್ತದೆ. ಪಿಲಿ ಅಂದರೆ ತುಳುವಿನಲ್ಲಿ ಹುಲಿ. ಹುಲಿ ನೀರಿಗೆ ಬರುತ್ತಿದ್ದ ಕುಳ, ಅಂದರೆ ಕೊಳ, ಅಂತ ಹೆಸರು ಬಿಡಿಸಿ ಹೇಳಿದರೆ ಆ ಬೆನ್ನಿಗೂ ಬೆಲೆ ಬರುತ್ತದೆ.
3. ಹನ್ನೊಂದರ ನಂತರ ವಿಜ್ಞಾನ ಕೇಂದ್ರ. ಒಳಗೆ ನೆರಳು, ಮುಟ್ಟಿ ಆಡಿಸುವ ಯಂತ್ರಗಳು. ನೀವು ಒಂದು ಕಡೆ ಕೂರಬಹುದು.
4. ಕೆರೆ, ವಾಟರ್ ಪಾರ್ಕ್ ಈ ಸಲ ಬಿಡಿ. ವಾಟರ್ ಪಾರ್ಕಿನಲ್ಲಿ ಗಂಡಸರ ಬಟ್ಟೆ ಬದಲಿಸುವ ಕೋಣೆಗೆ ಅವನೊಬ್ಬನೇ ಹೋಗಬೇಕು. ಅದಕ್ಕೆ ಅವನೂ ನೀವೂ ತಯಾರಿದ್ದರೆ ಮಾತ್ರ.

ಹೋಗುವಾಗ ಆಟೊ ಸಲೀಸಾಗಿ ಸಿಗುತ್ತದೆ, ಬರುವಾಗ ಗೇಟಿನ ಹತ್ತಿರ ಸಿಗುವುದು ಕಷ್ಟ. ಬಿಟ್ಟವರ ನಂಬರು ತೆಗೆದುಕೊಂಡು, ಬರುವ ಹೊತ್ತು ಹೇಳಿಬಿಡಿ.

ಮೂರನೇ ದಿನ ಬೆಳಿಗ್ಗೆ ಲೈಟ್‌ಹೌಸ್ ಹಿಲ್ಲಿನ ಸೇಂಟ್ ಅಲೋಶಿಯಸ್ ಚಾಪೆಲ್. ಗೋಡೆ, ಚಾವಣಿ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳು. ಒಳಗೆ ಫೋಟೊ ತೆಗೆಯುವಂತಿಲ್ಲ. ಅದೇ ಒಳ್ಳೆಯದಾಯಿತು, ಹುಡುಗ ತಲೆ ಎತ್ತಿ ನೋಡುತ್ತಾನೆ. ಪ್ರಾರ್ಥನೆಯ ಹೊತ್ತು ತಪ್ಪಿಸಿ ಹೋಗಿ. ಅರ್ಧ ಗಂಟೆ ಸಾಕು.

ನವೆಂಬರಿನಿಂದ ಮೇವರೆಗೆ ಹೋದರೆ ಎಲ್ಲಾದರೂ ಕಾಲಮಿತಿ (ರಾತ್ರಿಯಿಡೀ ನಡೆಯದೆ ಬೇಗ ಮುಗಿಯುವ) ಯಕ್ಷಗಾನ ಇದೆಯೇ ಅಂತ ಲಾಡ್ಜಿನವರನ್ನು ಕೇಳಿ. ಚೆಂಡೆ ಶುರುವಾದ ಮೇಲೆ ನಿಮ್ಮವನಿಗೆ ಭಾಷೆ ಅಡ್ಡಿಯಾಗುವುದಿಲ್ಲ. ವಾಪಸ್ ಬರುವ ಗಾಡಿ ಗೊತ್ತಾಗದೆ ಮಾತ್ರ ಹೋಗಬೇಡಿ.

ಹಂತ 8: ಸಮುದ್ರ

ಎರಡನೇ ದಿನದ ಸಂಜೆ ಇದಕ್ಕೆ. ನಾನು ಹೇಳುವುದು ತಣ್ಣೀರುಬಾವಿ, ಅದೂ ಸುಲ್ತಾನ್ ಬತ್ತೇರಿಯ ಕಡೆಯಿಂದ. ಬತ್ತೇರಿಯ ಕಪ್ಪು ಕಲ್ಲಿನ ಬುರುಜಿನಲ್ಲಿ ಕೋವಿಕಿಂಡಿಗಳಿವೆ. ಹುಡುಗರಿಗೆ ಹತ್ತು ನಿಮಿಷದ ಆಟ. ಪಕ್ಕದಲ್ಲೇ ಫೆರಿ. ಫಲ್ಗುಣಿ ನದಿ ದಾಟಿ ಆಚೆ ಇಳಿದು ಸ್ವಲ್ಪ ನಡೆದರೆ ಕಡಲು.

ಫೆರಿ ಹತ್ತುವಾಗಲೇ "ಕೊನೆಯದು ಎಷ್ಟು ಗಂಟೆಗೆ?" ಅಂತ ಕೇಳಿ ಮೊಬೈಲಿನಲ್ಲಿ ಅಲಾರಂ ಇಡಿ. ಸೂರ್ಯ ಮುಳುಗುವುದನ್ನು ನೋಡುತ್ತಾ ಕೂತು ಅದು ತಪ್ಪಿತೋ, ಕೂಳೂರು ಸುತ್ತಿ ರಸ್ತೆಯಲ್ಲಿ ಬರಬೇಕು. ಕತ್ತಲಲ್ಲಿ ಆ ಕಡೆ ಆಟೊ ಹುಡುಕುವುದು ಯಾರಿಗೂ ಬೇಡ. ಮಳೆಗಾಲದಲ್ಲಿ ಫೆರಿಯನ್ನು ನಂಬಿಕೊಳ್ಳಬೇಡಿ.

ನೀರಿನ ಹತ್ತಿರ ಹೋದ ಮೇಲೆ:

1. ಚೀಲವನ್ನು ಕೋಣೆಯಲ್ಲೇ ಬಿಟ್ಟು ಬಂದಿರಬೇಕು. ಮೊಬೈಲ್, ಕೀಲಿ, ಸ್ವಲ್ಪ ನಗದು ಪೌಚಿನಲ್ಲಿ ನಿಮ್ಮ ಕುತ್ತಿಗೆಗೆ. ಕಾಯಬೇಕಾದ ಚೀಲ ದಡದಲ್ಲಿದ್ದರೆ ನಿಮ್ಮ ಅರ್ಧ ಕಣ್ಣು ಅಲ್ಲಿರುತ್ತದೆ. ಸಮುದ್ರಕ್ಕೆ ಅರ್ಧ ಕಣ್ಣು ಸಾಲದು.
2. ಜೀವರಕ್ಷಕರು ಎಲ್ಲಿದ್ದಾರೆ, ಕೆಂಪು ಬಾವುಟ ಎಲ್ಲಿದೆ ಅಂತ ನೋಡಿ. ಇವತ್ತು ಇಳಿಯಬಹುದೇ ಅಂತ ಅವರನ್ನೇ ಕೇಳಿ. ಅವರಿಲ್ಲದ ಕಡೆ ಕಾಲು ನೆನೆಸುವುದಷ್ಟೇ.
3. ಮಗನಿಗಿಂತ ಸಮುದ್ರದ ಕಡೆ ನೀವು, ದಡದ ಕಡೆ ಅವನು. ಮೊಣಕಾಲಿನ ಮಟ್ಟ ದಾಟಬೇಡಿ.
4. ಫೋಟೊ ತೆಗೆಯುವುದಾದರೆ ಅವನು ಮರಳಿನ ಮೇಲಿದ್ದಾಗ.

ಅಪಾಯದ ಗುರುತು ಹೇಳಿಕೊಡಿ. ಎರಡು ಕಡೆ ನೊರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಾಗಿ ಕಂಡರೆ ಅದು ಒಳ್ಳೆಯ ಜಾಗವಲ್ಲ, ನೀರು ಒಳಕ್ಕೆ ಎಳೆದುಕೊಂಡು ಹೋಗುವ ದಾರಿ. ಕಾಲಡಿಯ ಮರಳು ಜೋರಾಗಿ ಜಾರುತ್ತಿದ್ದರೂ ದಡಕ್ಕೆ ಬನ್ನಿ. ಸಿಕ್ಕಿಕೊಂಡರೆ ದಡದ ಕಡೆಗೆ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಎಳೆತ ಬಿಟ್ಟ ಮೇಲೆ ದಡಕ್ಕೆ ಬರಬೇಕು, ಕೈ ಎತ್ತಿ ಕೂಗಬೇಕು. ಉಳ್ಳಾಲದ ಕಡೆಯ ಸೋಮೇಶ್ವರ ಬೀಚಿಗೆ ಹೋದರೆ ಅಲ್ಲಿನ ಬಂಡೆಗಳ ಮೇಲೆ ಫೋಟೊಕ್ಕೆ ಹತ್ತುವ ಮಾತೇ ಬೇಡ.

ಹಂತ 9: ಹೊಟ್ಟೆ

ಬೆಳಿಗ್ಗೆ ನೀರುದೋಸೆ ಅಥವಾ ಬನ್ಸ್. ಬೇಕರಿಯ ಬನ್ ಅಂದುಕೊಂಡು ಮಗ ಬೇಡ ಅಂದಾನು. ಇದು ಬಾಳೆಹಣ್ಣು ಹಾಕಿ ಕಲಸಿ ಕರಿದ, ತುಸು ಸಿಹಿಯಾದ ಪೂರಿಯಂಥದ್ದು ಅಂತ ಹೇಳಿ. ಸಂಜೆ ಗೋಳಿಬಜೆ, ಅಂದರೆ ಮೈದಾದ ಉಂಡೆ ಬಜ್ಜಿ.

ಮೀನೂಟಕ್ಕೆ ಹನ್ನೆರಡೂವರೆಗೆ ಕೂತುಬಿಡಿ. ಎರಡೂವರೆಗೆ ಹೋದರೆ ಉಳಿದದ್ದೇ ಊಟ. ಮೀನು ತಿಂದು ಅಭ್ಯಾಸವಿಲ್ಲದ ಹುಡುಗನಿಗೆ ಬೂತಾಯಿ ಕೊಡಿಸಬೇಡಿ, ಸಣ್ಣ ಮುಳ್ಳು ಜಾಸ್ತಿ. ಅಂಜಲಿನ ತುಂಡಿಗೆ ನಡುವೆ ಒಂದು ಮುಳ್ಳು, ಬಿಡಿಸಿಕೊಡುವುದು ಸುಲಭ. ಅಂಜಲ್, ಕಾಣೆ, ಮಾಂಜಿಗಳಿಗೆ ಗಾತ್ರ ನೋಡಿ ದರ. ತವಾಕ್ಕೆ ಹಾಕುವ ಮೊದಲೇ ಎಷ್ಟು ಅಂತ ಕೇಳಿ. ಲೆಕ್ಕದ ಪುಸ್ತಕ ಹಿಡಿದವನೇ ಕೇಳಲಿ. ಅನ್ನ ಅಂದರೆ ಅಲ್ಲಿ ಕುಚ್ಚಲಕ್ಕಿಯದು. ನನ್ನ ಮಗ ಮೊದಲ ತುತ್ತಿಗೇ "ಇದು ಬೆಂದಿಲ್ಲ" ಅಂದ. ಬಡಿಸುವವರು ನಕ್ಕು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ ತಂದಿಟ್ಟರು. "ಬೆಳ್ತಿಗೆ ಇದೆಯಾ?" ಅಂತ ಮೊದಲೇ ಕೇಳಿದರೆ ಈ ಮುಜುಗರ ಇಲ್ಲ.

ಗಡ್‌ಬಡ್ ಐಸ್‌ಕ್ರೀಮ್ ಇಬ್ಬರಿಗೆ ಒಂದು ಸಾಕು. ಉದ್ದ ಲೋಟದ ತಳದಲ್ಲಿರುವ ಹಣ್ಣು ಯಾರಿಗೆ ಅನ್ನುವುದನ್ನು ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಿ.

ಹಂತ 10: ಶೌಚಾಲಯ

ಯಾರೂ ಬರೆಯದ, ದಿನಕ್ಕೆ ಐದು ಸಲ ಎದುರಾಗುವ ಸಮಸ್ಯೆ. ಅವನು ಹೆಂಗಸರ ಕಡೆ ಬರುವ ವಯಸ್ಸು ದಾಟಿದೆ; ನೀವು ಒಳಗೆ ಹೋದರೆ ಅವನು ಹೊರಗೆ ಒಬ್ಬನೇ. ನನ್ನ ದಾರಿ: ಕೋಣೆ ಬಿಡುವಾಗ, ಊಟ ಮುಗಿದಾಗ, ಈ ಎರಡು ಹೊತ್ತಿನಲ್ಲಿ ಬೇಕೋ ಬೇಡವೋ ಇಬ್ಬರೂ ಹೋಗಿಬರುವುದು. ಹೋಟೆಲಿನಲ್ಲಿ ಬಿಲ್ ಕೊಡುವ ಮೊದಲು, ಸಪ್ಲೈಯರ್‌ಗೆ ಒಂದು ಮಾತು ಹೇಳಿ, ಅವನನ್ನು ಅದೇ ಟೇಬಲ್ಲಿನಲ್ಲಿ ಚೀಲದ ಜತೆ ಕೂರಿಸಿ ಹೋಗಿ. ಬೀಚಿನ, ಬಸ್ ನಿಲ್ದಾಣದ ಶೌಚಾಲಯಕ್ಕೆ ಅವನು ಹೋಗಲೇಬೇಕಾದರೆ ನೀವು ಬಾಗಿಲ ಎದುರಿಗೇ ನಿಲ್ಲಿ, ಒಳಗಿಂದ ನಡುನಡುವೆ "ಅಮ್ಮ" ಅಂತ ಕೂಗಲಿ. ನಾಚಿಕೆ ಅಂದರೆ ಸೀಟಿ ಹೊಡೆಯಲಿ. ನನ್ನವನು ಸೀಟಿ ಕಲಿತದ್ದೇ ಹಾಗೆ. ರೈಲಿನಲ್ಲಿ ರಾತ್ರಿ ಇಬ್ಬರೂ ಒಟ್ಟಿಗೆ ಏಳಬೇಕು, ಬಾಗಿಲ ಹತ್ತಿರ ಒಬ್ಬನೇ ನಿಲ್ಲುವಂತಿಲ್ಲ.

ಹಂತ 11: "ಮನೆಯವರು ಬರ್ಲಿಲ್ವಾ?"

ಆಟೊದವರು, ಪಕ್ಕದ ಸೀಟಿನ ಅಜ್ಜಿ, ಎಳನೀರು ಕೆತ್ತುವವರು ಎಲ್ಲರೂ ಕೇಳುತ್ತಾರೆ. ಹೆಚ್ಚಿನ ಸಲ ಕೆಟ್ಟ ಮನಸ್ಸಿಲ್ಲ, ಮಾತಿಗೊಂದು ನೆಪ. ಉತ್ತರವನ್ನು ಮನೆಯಲ್ಲೇ ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ, ಏಕೆಂದರೆ ನೀವು ಒಂದು ಹೇಳಿ ಮಗ ಒಂದು ಹೇಳಿದರೆ ಆಮೇಲೆ ಅವನಿಗೇ ನೋವು. ಅಪ್ಪ ತೀರಿಹೋಗಿದ್ದರೆ, ದೂರ ಇದ್ದರೆ, ಏನನ್ನು ಹೇಳಬೇಕು ಅನ್ನುವ ಹಕ್ಕು ಅವನಿಗೂ ಇದೆ. ನಾನು ಕೇಳಿದಾಗ ಅವನು ಅಂದದ್ದು: "ನಾವಿಬ್ರೇ ಬಂದಿದ್ದು ಅನ್ನು, ಸಾಕು." ಅಲ್ಲಿಂದ ಅದೇ ನಮ್ಮ ಉತ್ತರ. ಯಾವ ಲಾಡ್ಜು, ಎಷ್ಟು ದಿನ ಅಂತ ಮುಂದುವರಿಸಿ ಕೇಳುವವರಿಗೆ ಮಾತ್ರ "ನೆಂಟರ ಮನೆ" ಅಂತ ಸುಳ್ಳು ಹೇಳಿ. ಇದಕ್ಕೆ ಪಾಪವಿಲ್ಲ.

ಯೋಜನೆ ಬಿಡಬೇಕಾದ ಗುರುತುಗಳು

ಅವನು ಮಾತು ನಿಲ್ಲಿಸಿ ನಿಮ್ಮ ಹಿಂದೆ ಹತ್ತು ಹೆಜ್ಜೆ ದೂರ ನಡೆಯುತ್ತಿದ್ದಾನೆ. ತಲೆನೋವು ಅನ್ನುತ್ತಾನೆ, ಬೆಳಗಿನಿಂದ ಮೂತ್ರಕ್ಕೆ ಹೋಗಿಲ್ಲ: ನೀರು ಕಮ್ಮಿಯಾಗಿದೆ, ನೆರಳಿಗೆ ಬನ್ನಿ, ಓಆರ್‌ಎಸ್ ಕುಡಿಸಿ. ಬೆವರು ನಿಂತು ಮೈ ಸುಡುತ್ತಿದ್ದರೆ ಓಆರ್‌ಎಸ್‌ಗೆ ಕಾಯದೆ ಆಸ್ಪತ್ರೆಗೆ. ಮತ್ತೆ ನಿಮ್ಮದೇ ಗುರುತು: ದುಡ್ಡು ಕೊಟ್ಟಾಗಿದೆ, ನೋಡಲೇಬೇಕು ಅಂತ ನೀವು ಎರಡನೇ ಸಲ ಹೇಳಿದರೆ ಆಟೊ ಹತ್ತಿ ಕೋಣೆಗೆ ಹೋಗಿ.

ಹಂತ 12: ವಾಪಸ್

ರಾತ್ರಿ ಬಸ್ಸಿಗೆ ಸಂಜೆಯವರೆಗೆ ಹೊತ್ತಿದ್ದರೆ, ಚೆಕ್‌ಔಟ್ ಆದ ಮೇಲೆ ಚೀಲ ಲಾಡ್ಜಿನ ಕೌಂಟರಿನಲ್ಲೇ ಇಡಲು ಬಿಡುತ್ತಾರೆಯೇ ಅಂತ ಮುಂಚಿನ ದಿನವೇ ಕೇಳಿ. ಖಾಸಗಿ ಬಸ್ಸಾದರೆ ಪಿಕಪ್ ಪಾಯಿಂಟನ್ನು ಹಗಲಿನಲ್ಲಿ ಒಮ್ಮೆ ನೋಡಿ ಬನ್ನಿ. ರಾತ್ರಿ ಹತ್ತಕ್ಕೆ ಫುಟ್‌ಪಾತಿನಲ್ಲಿ ಮಗನನ್ನು ನಿಲ್ಲಿಸಿಕೊಂಡು ಡ್ರೈವರ್‌ಗೆ ಫೋನ್ ಹಚ್ಚುತ್ತಾ ಇರಬೇಕಾಗಿಲ್ಲ. ಒದ್ದೆ ಬಟ್ಟೆಯ ಕವರ್ ಚೀಲದ ಮೇಲ್ಭಾಗದಲ್ಲಿರಲಿ, ಮನೆ ತಲುಪಿದ ಕೂಡಲೇ ತೆಗೆಯಲಿಕ್ಕೆ. ಮಂಗಳೂರಿಗೆ ಮಲೇರಿಯಾ, ಡೆಂಗಿ ಹೊಸದಲ್ಲ. ಬಂದ ಎರಡು-ಮೂರು ವಾರದೊಳಗೆ ಮಗನಿಗೋ ನಿಮಗೋ ಚಳಿಜ್ವರ ಬಂದರೆ ಡಾಕ್ಟರ ಹತ್ತಿರ ಮೊದಲು ಹೇಳಬೇಕಾದ ಮಾತು, ನಾವು ಮಂಗಳೂರಿಗೆ ಹೋಗಿದ್ದೆವು ಅಂತ.